ತಾಣದ ನಲವತ್ತಾರು ದಿನ

ಫೆಬ್ರವರಿ 9, ಸೋಮವಾರ, ಬೆಳಿಗ್ಗೆ 6.40. ಅಫಜಲಪುರದ ಬಾಡಿಗೆ ಕೋಣೆ. ಒಂದು ಲೋಟ ಚಹಾ ಆಗಿದೆ.

ನಿನ್ನೆ ಜೇವರ್ಗಿಯಿಂದ ಅಮ್ಮ ಬಂದಿದ್ದಳು. ಇಬ್ಬರೂ ಘತ್ತರಗಿಗೆ ಹೋಗಿ ಭಾಗ್ಯವಂತಿಯ ದರ್ಶನ ಮಾಡಿ ಬಸ್ಸಿಗೆ ಕಾಯುತ್ತಿದ್ದೆವು. ಅಲ್ಲೊಬ್ಬ ಮುದುಕಿ ಗೋಣಿಚೀಲದ ಮೇಲೆ ನಿಂಬೆಹಣ್ಣು ಹರವಿಕೊಂಡು ಕುಳಿತಿದ್ದಳು. ಹಣ್ಣಿನ ನಡುವೆ ಮೂರು ಎಲೆ ಬಿದ್ದಿದ್ದವು. ಒಂದನ್ನು ಎತ್ತಿ ಬೆರಳಲ್ಲಿ ಹಿಸುಕಿದೆ. ಮೂಗಿನ ಹತ್ತಿರ ತರುವ ಮೊದಲೇ ವಾಸನೆ ಬಂತು. ಅಮ್ಮ ಏನೋ ಹೇಳುತ್ತಿದ್ದಳು. ಏನೆಂದು ಈಗಲೂ ಗೊತ್ತಿಲ್ಲ.

ಬರೆಯಲು ಇನ್ನೊಂದು ಕಾರಣವೂ ಇದೆ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟು ಹದಿನೈದು ದಿನವಾಯಿತು. ಗಿಡದಿಂದ ತಾಳ್ಮೆ ಕಲಿತೆ ಎಂದು ಶನಿವಾರ ಸ್ಟೇಟಸ್ ಹಾಕಿದ್ದಾಳೆ. ಆ ಬಳ್ಳಿಗೆ ಇರುವುದು ನಾಲ್ಕು ಎಲೆ. ಬಾಟಲಿಯ ನೀರು ಬದಲಿಸುವುದು ಕಸ ಗುಡಿಸಲು ಬರುವ ಹೆಂಗಸು. ತೋಟ ತಾಳ್ಮೆ ಕಲಿಸುತ್ತದೆ ಎಂದು ಹೇಳುವವರನ್ನು ಕಂಡರೆ ನನಗೆ ತಿರಸ್ಕಾರ. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ಇಷ್ಟು ಅಗ್ಗಕ್ಕೆ ಹೇಳುತ್ತಾರೆ ಎಂದು. ನಾನು ಕಲಿತದ್ದಕ್ಕೆ ಏನೇನು ಹೋಯಿತು ಎಂಬುದು ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇದೆ.

ಅದು ಹೋದ ಚಳಿಗಾಲ. ಊರು ಖಜೂರಿ, ಆಳಂದ ತಾಲ್ಲೂಕಿನ ಗಡಿಯ ಊರು. ನವೆಂಬರ್ 11ರಿಂದ ಫೆಬ್ರವರಿ 14ರವರೆಗೆ, ಒಟ್ಟು 96 ದಿನ ಅಲ್ಲಿದ್ದೆ. ಹಿಂಗಾರಿ ಬೆಳೆ ಸಮೀಕ್ಷೆಗೆ ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಕೆಲಸ ಏನೆಂದರೆ ಹೊಲಕ್ಕೆ ಹೋಗಿ ನಿಲ್ಲುವುದು, ಮೊಬೈಲಿನಲ್ಲಿ ಸರ್ವೆ ನಂಬರು ತೆರೆಯುವುದು, ಬೆಳೆಯ ಹೆಸರು ಒತ್ತುವುದು, ಮೂರು ಫೋಟೊ ತೆಗೆಯುವುದು, ಮುಂದಿನ ಹೊಲ. ಜೋಳ, ಕಡಲೆ, ತೊಗರಿ, ಕಬ್ಬು, ಬೀಳು. ಚೆನ್ನಾಗಿ ನಡೆದ ದಿನ 52 ಹೊಲ ಮುಗಿಸಿದ್ದೇನೆ. ಒಂದು ಹೊಲವನ್ನು ನೋಡಿ ತಿಳಿಯಲು ನಾಲ್ಕು ನಿಮಿಷ ಸಾಕು ಎಂದು ಆಗ ಡೈರಿಯಲ್ಲಿ ಬರೆದಿದ್ದೆ. ಆ ಸಾಲಿನ ಕೆಳಗೆ ಗೆರೆ ಕೂಡ ಎಳೆದಿದ್ದೇನೆ.

ಉಳಿದುಕೊಂಡಿದ್ದು ಸುಂದರಾಬಾಯಿಯವರ ಮನೆಯ ಹಿಂದಿನ ಕೋಣೆಯಲ್ಲಿ. ಆಳಂದದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ದಾಯಿಯಾಗಿ ದುಡಿದು ನಿವೃತ್ತರಾದವರು. ಒಬ್ಬರೇ ಇದ್ದರು, ಅದರಿಂದ ಅವರಿಗೆ ಯಾವ ತೊಂದರೆಯೂ ಇದ್ದಂತಿರಲಿಲ್ಲ. ಪಡಸಾಲೆಯ ಗೋಡೆಗೆ ಬುದ್ಧನ ಪಟ, ಅದರ ಪಕ್ಕದ ಮೊಳೆಗೆ ಮೋಟರಿನ ಪೆಟ್ಟಿಗೆಯ ಕೀಲಿ. ಊರೆಲ್ಲ ಅವರನ್ನು ಆಯಿ ಅನ್ನುತ್ತಿತ್ತು. ನಾನೂ ಹಾಗೇ ಕರೆದೆ. ಮನೆಯ ಹಿಂದೆ ಬಾವಿ, ಬಾವಿಯ ಆಚೆ ನಿಂಬೆಯ ತೋಟ. ಆರು ಸಾಲು, ಸಾಲಿಗೆ ಎಂಟು, 48 ಗಿಡ. ಬಂದ ಮೂರನೆಯ ದಿನವೇ ಸಮೀಕ್ಷೆಯಲ್ಲಿ ಹಾಕಿದೆ: ನಿಂಬೆ, ಮೂರು ಫೋಟೊ, ನಾಲ್ಕು ನಿಮಿಷ.

ಮೊದಲ ವಾರದಲ್ಲೇ ಅವರ ಬಗ್ಗೆ ನನ್ನ ಅಭಿಪ್ರಾಯ ಪಕ್ಕಾ ಆಗಿತ್ತು. ಬೆಳಿಗ್ಗೆ ಏಳಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ತೋಟಕ್ಕೆ ಹೋಗಿ, ಖಾಲಿ ಬಣ್ಣದ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದರು. ಕೂತು ಏನೂ ಮಾಡುತ್ತಿರಲಿಲ್ಲ. ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಇಲ್ಲ, ಬಾಯಲ್ಲಿ ಹಾಡಿಲ್ಲ. ಒಂದೊಂದು ಸಲ ಎದ್ದು ಒಂದು ಎಲೆಯನ್ನು ಎರಡು ಬೆರಳಿನ ನಡುವೆ ಹಿಡಿದು ಬಿಟ್ಟು ಮತ್ತೆ ಬಂದು ಕೂರುತ್ತಿದ್ದರು. ಡಿಸೆಂಬರಿನ ಒಂದು ವಾರ ಗಡಿಯಾರ ಹಿಡಿದು ಬರೆದಿಟ್ಟೆ: ದಿನಕ್ಕೆ ಸರಾಸರಿ ಒಂದು ಗಂಟೆ ಐವತ್ತು ನಿಮಿಷ. ಅಷ್ಟರಲ್ಲಿ ನಾನು 27 ಹೊಲ ಮುಗಿಸುತ್ತಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ. "ಆಯಿ, ಅಲ್ಲಿ ಕುಂತು ಯಾನ್ ಮಾಡ್ತೀರಿ?"

"ನೋಡ್ತೇನಿ."

"ದಿನಾ ಅವೇ ಗಿಡ ಅಲ್ರಿ."

"ನೀ ದಿನಾ ಬ್ಯಾರೆ ಬ್ಯಾರೆ ಹೊಲ ನೋಡ್ತಿ. ಒಂದರ ನೆನಪದ ಯಾನ್ ಬೇ?"

ಎಲ್ಲವೂ ಮೊಬೈಲಿನಲ್ಲಿ ಇರುವಾಗ ನೆನಪಿನ ಮಾತೇಕೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಡೈರಿಯಲ್ಲಿ ಬರೆದದ್ದು: "ಮನೆಯೊಡತಿ ಸೋಮಾರಿ. ಕಣ್ಣೂ ಮಂಜು."

ಕಣ್ಣಿನ ಮಾತು ನಿಜವಾಗಿತ್ತು. ಎಡಗಣ್ಣಿಗೆ ಪೊರೆ ಬಂದಿತ್ತು.

ತೋಟದ ಮೇಲೆ ಒಂದು ಕತ್ತಿ ತೂಗುತ್ತಿತ್ತು. ಜಮೀನು ಸುಂದರಾಬಾಯಿ ಮತ್ತು ಅವರ ತಮ್ಮ ಧರ್ಮಣ್ಣನ ಹೆಸರಲ್ಲಿ ಜಂಟಿಯಾಗಿತ್ತು. ಧರ್ಮಣ್ಣನದು ಲಾರಿ, ಗಡಿಯ ರಸ್ತೆಯಲ್ಲೇ ಅವನ ಜೀವನ. ಹಿಂದಿನ ವರ್ಷ ಗಿಡಗಳು ಸರಿಯಾಗಿ ಹೂ ಬಿಟ್ಟಿರಲಿಲ್ಲ. ಈ ಸಲವೂ ಬಿಡದಿದ್ದರೆ ಎಲ್ಲ ಕಿತ್ತು ಕಬ್ಬು ಹಚ್ಚುವುದು ಎಂದು ಅವನು, ಆಗಲಿ ಎಂದು ಅವರು, ದೀಪಾವಳಿಯಲ್ಲಿ ಮಾತಾಡಿಕೊಂಡಿದ್ದರು. ಗಿಡಗಳನ್ನು ತಾವೇ ಸಸಿಯಿಂದ ಬೆಳೆಸಿದ್ದು ಎಂದು ಸುಂದರಾಬಾಯಿ ಒಮ್ಮೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ನವೆಂಬರ್ 28, ಗುರುವಾರ. ಇಬ್ಬರು ಹೆಣ್ಣಾಳುಗಳು ಬಂದು ಪ್ರತಿ ಗಿಡದ ಸುತ್ತ ಅಗೆದು, ಹುಲ್ಲು ತೆಗೆದು, ಪಾತಿ ಬಿಡಿಸಿದರು. ನಾನು ಹೊಲಗಳಿಗೆ ಹೊರಟಿದ್ದೆ. ಸುಂದರಾಬಾಯಿ ಬಾವಿಯ ಹತ್ತಿರ ನಿಂತಿದ್ದರು.

"ಇವತ್ತಿಂದ ಗಿಡಕ್ಕ ತಾಣ ಕೊಡಾಕತ್ತೇನಿ," ಅಂದರು.

ನೋಡಿದೆ: ಗಿಡದ ಸುತ್ತ ಹುಲ್ಲು ಹೋಗಿ ನೆಲ ಬಯಲಾಗಿತ್ತು. ಡೈರಿಯಲ್ಲಿ ಬರೆದೆ: "ಗಿಡಗಳಿಗೆ ಜಾಗ ಬಿಡಿಸಿದರು. ಇಬ್ಬರು ಆಳು, ಒಂದು ದಿನ." ಶಾಲೆಯಲ್ಲಿ ಕನ್ನಡಕ್ಕೆ ನನಗೆ ಯಾವಾಗಲೂ ಒಳ್ಳೆಯ ಅಂಕ ಬರುತ್ತಿತ್ತು. ತಾಣ ಎಂದರೆ ಏನು ಎಂದು ಯಾರನ್ನೂ ಕೇಳುವ ಅಗತ್ಯ ನನಗೆ ಇರಲಿಲ್ಲ.

ಆ ದಿನದಿಂದ ಮೋಟರಿನ ಸದ್ದು ನಿಂತಿತು. ಕೀಲಿ ಮೊಳೆಯಲ್ಲೇ ಇತ್ತು, ಬಾವಿಯಲ್ಲಿ ನೀರಿತ್ತು, ಮೂರು ಫೇಸಿನ ಕರೆಂಟು ಹಗಲು ಬಂದು ಹೋಗುತ್ತಿತ್ತು. ಯಾರೂ ನೀರು ಬಿಡಲಿಲ್ಲ. ಡಿಸೆಂಬರ್ 10ರ ಹೊತ್ತಿಗೆ ಎಲೆಗಳ ಮಿಂಚು ಹೋಯಿತು. 18ಕ್ಕೆ ಮಧ್ಯಾಹ್ನದ ಹೊತ್ತು ದೋಣಿಯ ಹಾಗೆ ಮಡಿಚಿಕೊಂಡವು. 22ರಿಂದ ಉದುರತೊಡಗಿದವು. ಬಾವಿಯ ಪಕ್ಕದ ಮೊದಲ ಗಿಡದ ಕೆಳಗೆ ಬಿದ್ದ ಎಲೆಗಳನ್ನು ದಿನವೂ ಎಣಿಸಿದೆ: 11, 14, 14, 23, 31. ಸುಂದರಾಬಾಯಿ ಅದೇ ಉದುರಿದ ಎಲೆಗಳ ನಡುವೆ ಡಬ್ಬಿ ಹಾಕಿಕೊಂಡು ಕೂತಿರುತ್ತಿದ್ದರು. ಪೊರೆಗಣ್ಣಿನ ಮುದುಕಿಗೆ ತನ್ನ ಗಿಡ ಸಾಯುವುದೂ ಕಾಣುತ್ತಿಲ್ಲ ಎಂದು ನನಗೆ ಅನಿಸಿತು. ಅನಿಸಿತು ಎಂದರೆ ಕಡಿಮೆ, ಖಾತ್ರಿಯಾಗಿತ್ತು. ನನ್ನ ಹತ್ತಿರ ಅಂಕಿಗಳಿದ್ದವು.

ಡಿಸೆಂಬರ್ 30, ಎಳ್ಳ ಅಮಾಸಿ. ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲ ಸೇರಿತ್ತು. ಧರ್ಮಣ್ಣ ಹೆಂಡತಿಯನ್ನೂ ನಾಲ್ಕು ಮಂದಿ ಗೆಳೆಯರನ್ನೂ ಕರೆದುಕೊಂಡು ನಮ್ಮ ತೋಟಕ್ಕೇ ಬಂದ. ಬಾವಿಯ ಕಟ್ಟೆಯ ಮೇಲೆ ಸಜ್ಜೆಯ ರೊಟ್ಟಿ, ಬಜ್ಜಿಪಲ್ಯ, ಅಂಬಲಿ. ಗೆಳೆಯರು ಊಟಕ್ಕಿಂತ ಹೆಚ್ಚು ಗಿಡಗಳನ್ನು ನೋಡಿದರು.

"ಅಕ್ಕಾ," ಅಂದ ಧರ್ಮಣ್ಣ, "ಇವು ಗಿಡ ಏನು, ಉರುವಲ ಕಟಗಿ?"

"ನಿನ್ನ ಲಾರಿಗಿಂತ ಛಲೋ ಅವ. ರೊಟ್ಟಿ ತಿನ್ನು."

"ಜರಾ ನೀರರ ತೋರ್ಸು ಅವಕ್ಕ."

"ಹೊತ್ತ ಬಂದಾಗ ತೋರಸ್ತೇನಿ."

ಗೆಳೆಯನೊಬ್ಬ ಕೆಮ್ಮಿದಂತೆ ನಕ್ಕ. ಧರ್ಮಣ್ಣನಿಗೆ ನಾಲ್ಕು ಮಂದಿಯ ಮುಂದೆ ಏನಾದರೂ ಹೇಳಲೇಬೇಕಿತ್ತು. "ಭಾರತ ಹುಣ್ಣಿವಿಗಿ ಬರ್ತೇನಿ. ಯಾವ ಸಾಲಿನ್ಯಾಗ ಹೂವಿಲ್ಲ, ಆ ಸಾಲ ಕೀಳ್ತೇನಿ. ಆಮ್ಯಾಲ ಅಳಬ್ಯಾಡ."

"ಅಳೂದಿಲ್ಲ. ಹೂವಿದ್ದ ಸಾಲಿಗಿ ನೀ ಕೈ ಹಚ್ಚಬ್ಯಾಡ."

"ಆಯ್ತು."

ಇಬ್ಬರೂ ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನೋಡಿ ನನಗೆ ಸಿಟ್ಟು ಬಂತು. ಅವನು ಮೂರ್ಖ, ಅವರು ಕುರುಡಿ, ನೋಡುವ ಕಣ್ಣಿದ್ದದ್ದು ನನಗೊಬ್ಬಳಿಗೆ.

ಮರುದಿನ ಬೆಳಿಗ್ಗೆ ಸುಂದರಾಬಾಯಿ ಕಣ್ಣು ತೋರಿಸಲು ಸೊಲ್ಲಾಪುರದ ಬಸ್ಸು ಹತ್ತಿದರು. ಒಂದು ರಾತ್ರಿ ಅಲ್ಲೇ ತಂಗುವುದಿತ್ತು. ಹೋಗುವಾಗ ಹೇಳಿದ್ದು ಇಷ್ಟೇ: "ಗಿಡ ಇನ್ನಾ ತಾಣದಾಗ ಅವ. ಜರಾ ಕಣ್ಣಿಟ್ಟಿರು."

ಗಿಡಗಳು ತಮ್ಮ ಜಾಗದಲ್ಲಿ ಇವೆಯಂತೆ. ಎಲ್ಲಿಗೆ ಹೋಗುತ್ತವೆ? ವಯಸ್ಸಾದವರ ಮಾತು ಎಂದುಕೊಂಡೆ. ಬಸ್ಸು ಹೋದ ಮೇಲೆ ಕೀಲಿ ತೆಗೆದೆ. ಕರೆಂಟು ಬಂದದ್ದು 10.14ಕ್ಕೆ. ಒಂದು ಗಿಡಕ್ಕೆ ಹದಿನಾಲ್ಕು ನಿಮಿಷದಂತೆ ಪೈಪು ಹಿಡಿದು ಪಾತಿ ತುಂಬಿಸಿದೆ. ಒಣಗಿದ ನೆಲ ನೀರು ಕುಡಿಯುವಾಗ ಗುಳುಗುಳು ಸದ್ದು ಮಾಡುತ್ತದೆ. ಅದನ್ನು ಕೇಳುತ್ತ, ಒಂದು ತೋಟದ ಜೀವ ಉಳಿಸುತ್ತಿದ್ದೇನೆ ಎಂದುಕೊಂಡೆ. ಕೆಸರು ಮೆತ್ತಿದ ಕಾಲಿನ ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆ. ಪಕ್ಕದ ಮೇಜಿನವಳನ್ನು ನಾನು ಅಷ್ಟು ಚೆನ್ನಾಗಿ ಬಲ್ಲೆನೆಂದರೆ ಅದಕ್ಕೆ ಕಾರಣವಿದೆ. 3.50ಕ್ಕೆ ಕರೆಂಟು ಹೋಯಿತು. ಬಾವಿಯ ಕಡೆಯ ಮೂರು ಸಾಲು ಆಗಿತ್ತು, 24 ಗಿಡ.

ಜನವರಿ 1, ಮಧ್ಯಾಹ್ನ ಒಂದಕ್ಕೆ ಅವರು ಬಂದರು. ಚೀಲ ಇಡದೆ ನೇರ ತೋಟಕ್ಕೆ ಹೋದರು. ಪಾತಿಯ ಮುಂದೆ ಬಗ್ಗಿ ಮಣ್ಣು ಮುಟ್ಟಿದರು.

"ಮಳಿ ಬಂದಿತ್ತೇನು?"

"ಇಲ್ರಿ ಆಯಿ. ನಾನೇ ನೀರ ಬಿಟ್ಟೇನಿ. ಪೂರಾ ಒಣಗಿದ್ವು. ನಿಮಗ ಕಾಣ್ಲಿಲ್ಲ ಅನಸ್ತದ."

"ಎಷ್ಟ ಸಾಲ?"

"ಮೂರು. ಆಮ್ಯಾಲ ಕರೆಂಟ್ ಹೋಯ್ತು."

"ಕರೆಂಟಿಗಿ ನಿನಗಿಂತ ಅಕ್ಕಲ್ ಅದ ನೋಡು."

ಹೊಗಳುತ್ತಾರೆ ಎಂದು ನಿಂತಿದ್ದವಳು ಹಾಗೇ ನಿಂತೆ. ಅವರು ಡಬ್ಬಿ ಎಳೆದುಕೊಂಡು ಕೂತರು.

"ಗಿಡ ತಾಣದಾಗ ಅವ ಅಂತ ಹೇಳಿ ಹೋಗಿದ್ದೆ ನಾ."

"ಹೌದ್ರಿ. ತಾಣದಾಗೇ ಅವಲ್ಲ."

ಅವರು ನನ್ನ ಮುಖವನ್ನು ಒಂದು ಎಲೆಯನ್ನು ನೋಡುವ ಹಾಗೆ ನೋಡಿದರು. "ತಾಣ ಅಂದ್ರ ಯಾನ್ ತಿಳದೀದಿ?"

"ಜಾಗಾ."

ಸುಂದರಾಬಾಯಿ ನಕ್ಕರು. ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪೊರೆಯ ಕಣ್ಣನ್ನು ಮೆಲ್ಲಗೆ, ಇನ್ನೊಂದನ್ನು ಜೋರಾಗಿ ಒರೆಸಿಕೊಂಡರು. ಆ ನಗುವಿಗಿಂತ ಬೈಗುಳ ವಾಸಿ ಇತ್ತು.

"ತಾಣ ಅಂದ್ರ ಉಪಾಸ, ತಂಗಿ. ರಸ್ತೆ ಆ ಕಡಿ ಮರಾಠಿ ಮಂದಿ ಅಂತಾರ, ನಾವೂ ಅಂತೇವಿ. ನೀರ ಬಂದ್ ಮಾಡಬೇಕು. ಗಿಡಕ್ಕ ಇನ್ನ ಸಾಯ್ತೇನಿ ಅನ್ನಸ್ಬೇಕು. ಎಲಿ ಕೆಡವ್ತದ. ಆವಾಗ ನೀರ ಕೊಟ್ರ, ಹಿಂದ ಮಗಾ ಇರಲಿ ಅಂತ ಮೈತುಂಬ ಹೂ ಬಿಡ್ತದ. ಅರ್ಧಕ್ಕ ಬಿಡಿಸಿದ್ರ ಸುಖಕ್ಕ ಬಿದ್ದು ಎಲಿ ಬಿಡ್ತದ, ಎಲಿ. ಹೊತ್ತಿಗಿ ಮುಂಚೆ ಎಳದ್ರ ಏನಾಗ್ತದ ಅಂತ ಹೆರಿಗಿ ಖೋಲಿಯಾಗ ನಾ ಭಾಳ ನೋಡೀನಿ."

ಜೇವರ್ಗಿಯಲ್ಲಿ ಆ ಪದಕ್ಕೆ ಆ ಅರ್ಥವಿಲ್ಲ. ಅದನ್ನು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಹೇಳಿಯೂ ಹೇಳಿದೆ. "ಹೌದು," ಅಂದರು ಅವರು, "ಕೇಳಾಕ ಬಾಯಿ ಜೇವರ್ಗಿಯಾಗೂ ಇರ್ತದಲ್ಲ."

ಉಳಿದದ್ದು ಮೂರು ಸಾಲು. ಮರುದಿನ ಬೆಳಿಗ್ಗೆ ಏಳಕ್ಕೆ ಅವರು ಇನ್ನೊಂದು ಡಬ್ಬಿ ತಂದು ತಮ್ಮ ಡಬ್ಬಿಯ ಪಕ್ಕ ಬೋರಲು ಹಾಕಿದರು. "ಬುಕ್ಕ ಒಳಗಿಟ್ಟು ಬಾ," ಅಂದರು.

ಮೊದಲ ಎರಡು ದಿನ ನಾನು ನೋಡಿದ್ದು ನನ್ನ ಬೇಸರವನ್ನು ಮಾತ್ರ. ಎಣಿಸಲು ಏನೂ ಇಲ್ಲದಿದ್ದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ ಎಂದು ಆಗ ತಿಳಿಯಿತು. ಮೂರನೆಯ ದಿನ ಒಂದು ಗಿಡದ ತುದಿಯಲ್ಲಿ ಹಿಂದಿನ ಮಧ್ಯಾಹ್ನ ಮಡಿಚಿಕೊಂಡಿದ್ದ ಎಲೆಗಳು ಬೆಳಿಗ್ಗೆ ಬಿಚ್ಚಿಕೊಂಡದ್ದು ಕಂಡಿತು. ರಾತ್ರಿಯ ತಂಪಿಗೆ ಗಿಡ ಸುಧಾರಿಸಿಕೊಳ್ಳುತ್ತದೆ. ದಿನಗಟ್ಟಲೆ ಅದೇ ತೋಟದಲ್ಲಿ ಬಿದ್ದ ಎಲೆ ಎಣಿಸಿದ್ದೆ, ಮೇಲಿರುವ ಎಲೆ ಬೆಳಿಗ್ಗೆ ಏನು ಮಾಡುತ್ತದೆ ಎಂದು ತಲೆ ಎತ್ತಿ ನೋಡಿರಲಿಲ್ಲ. ಬಿದ್ದದ್ದನ್ನು ಎಣಿಸುವುದು ಸುಲಭ, ಅದು ಅಲುಗಾಡುವುದಿಲ್ಲ.

ಆಮೇಲೆ ಕಾಣತೊಡಗಿತು. ಪಡುವಣದ ಸಾಲು ಬೇಗ ಬಾಡುತ್ತಿತ್ತು, ಅಲ್ಲಿ ಮಣ್ಣು ತೆಳು. ಬಿಚ್ಚಿಕೊಳ್ಳುವುದು ದಿನದಿನಕ್ಕೂ ತಡವಾಗುತ್ತಿತ್ತು: ಮೊದಲು ಏಳಕ್ಕೆ ಪೂರ್ತಿ ಬಿಚ್ಚಿರುತ್ತಿದ್ದವು, ಆಮೇಲಿನ ದಿನಗಳಲ್ಲಿ ಅದೇ ಹೊತ್ತಿಗೆ ಅರ್ಧ ಮಾತ್ರ ಬಿಚ್ಚಿರುತ್ತಿದ್ದವು. ಜನವರಿ 10, ಶುಕ್ರವಾರ ಬೆಳಿಗ್ಗೆ ಒಂದೂ ಬಿಚ್ಚಲಿಲ್ಲ. ಮೂರು ಸಾಲನ್ನೂ ಸುತ್ತಿ ಬಂದೆ. ಗೊತ್ತಾಯಿತು ಎನ್ನುವ ಸೊಕ್ಕು ಮತ್ತೆ ಬಂದಿತ್ತು.

"ಆಯಿ, ಆಯ್ತು. ಇವತ್ತ ನೀರ ಬಿಡೂಣು."

ಅವರು ಎದ್ದು ಹೋಗಿ ಒಂದು ಎಲೆ ಹಿಡಿದರು, ಬಿಟ್ಟರು. "ಇನ್ನಾ ಇಲ್ಲ."

"ಯಾಕ್ರಿ? ಬಿಚ್ಚಿಲ್ಲಲ್ಲ."

"ನೋಡು."

ಶನಿವಾರವೂ ಇಲ್ಲ ಅಂದರು. ಭಾನುವಾರ, ಜನವರಿ 12ರ ಬೆಳಿಗ್ಗೆ, ಅದೇ ಗಿಡದ ಅದೇ ಕೊಂಬೆಯ ಎಲೆ ಹಿಡಿದು ಬಿಟ್ಟು, ತಿರುಗದೆಯೇ ಹೇಳಿದರು: "ಕೀಲಿ ತಗೊಂಡು ಬಾ."

ತಾಣದ ನಲವತ್ತಾರನೆಯ ದಿನ. ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮುಂದಿನದು ಹೇಳಲು ನಾಚಿಕೆ, ಆದರೆ ಬರೆದಿಟ್ಟಿದ್ದೇನೆ. ನಾನು ನೀರು ಕೊಟ್ಟ ಮೂರು ಸಾಲು ಜನವರಿ ಮುಗಿಯುವಷ್ಟರಲ್ಲಿ ಗಿಳಿಹಸಿರು ಚಿಗುರಿ ತುಂಬಿಕೊಂಡವು. ಎಷ್ಟು ಚೆಂದ ಎಂದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಕೊಂಬೆ ಸರಿಸಿ ಹುಡುಕಿದೆ. ಮೊಗ್ಗಿರಲಿಲ್ಲ. ಸುಂದರಾಬಾಯಿಯವರ ಮೂರು ಸಾಲು ಇನ್ನೂ ಕಡ್ಡಿಯ ಹಾಗೇ ಇದ್ದವು. ಫೆಬ್ರವರಿ 3ಕ್ಕೆ ಆ ಕಡ್ಡಿಗಳಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡವು. 9ಕ್ಕೆ ಬಾವಿಯ ಹತ್ತಿರ ನಿಂತರೂ ಹೂವಿನ ವಾಸನೆ ಬರುತ್ತಿತ್ತು, ಜೇನು ಬಂದಿತ್ತು.

ಫೆಬ್ರವರಿ 12, ಭಾರತ ಹುಣ್ಣಿಮೆ. ಧರ್ಮಣ್ಣ ಲಾರಿ ಇಳಿದು ಬಂದವನು ಮೊದಲು ಹಸಿರು ಸಾಲಿನ ಮುಂದೆ ನಿಂತ. "ನೋಡಕ್ಕಾ, ನೀರ ತೋರಿಸಿದ್ರ ಹ್ಯಾಂಗ ಎದ್ದಾವ. ಇವು ಇರ್ಲಿ. ಆ ಬೋಳು ಸಾಲ ಕೀಳೂಣು." ಹತ್ತು ಹೆಜ್ಜೆ ಮುಂದೆ ಹೋಗಿ ಹೂ ನೋಡಿ ಬಾಯಿ ಮುಚ್ಚಿದ. ತಿರುಗಿ ಬಂದು ಹಸಿರು ಸಾಲಿನ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ನನಗೆ ಅವನಲ್ಲಿ ಕಂಡಿದ್ದ ಮೂರ್ಖತನ ನನ್ನದಕ್ಕಿಂತ ನಲವತ್ತು ದಿನ ಮಾತ್ರ ಹಿಂದಿತ್ತು.

"ಅಣ್ಣಾರ, ಅದು ನನ್ನ ತಪ್ಪು," ಅಂದೆ. "ತಾಣದಾಗ ಇದ್ದಾಗ ನೀರ ನಾನೇ ಬಿಟ್ಟೇನಿ. ಮುಂದಿನ ವರ್ಷ ಹೂ ಬರ್ತಾವ್ರಿ. ಒಂದು ವರ್ಷ ಬಿಡ್ರಿ."

ಧರ್ಮಣ್ಣ ಅಕ್ಕನ ಕಡೆ ನೋಡಿದ. "ಸರ್ವೇ ಬಾಯಿ ಹೇಳಾಕತ್ತಾರ, ಬಿಡ್ಲೇನು?"

ಸುಂದರಾಬಾಯಿ ನನ್ನ ಕಡೆ ನೋಡಲಿಲ್ಲ. "ಮಾತು ಮಾತೇ. ನಾನೂ ಇವತ್ತ ಹಂಗ ಅಂದ್ರ, ನಾಳಿ ನೀ ಆ ಮೂರು ಸಾಲಿಗೂ ಕೈ ಹಚ್ಚತಿ."

ಮರುದಿನ ಯಂತ್ರ ಬಂತು. ಬೆಳಿಗ್ಗೆ 9.05ರಿಂದ 11.30. ಇಪ್ಪತ್ತನಾಲ್ಕು ಗಿಡ. ಎಳೆಯ ಎಲೆ ಜಜ್ಜಿ ಹೋಗಿ ತೋಟದ ತುಂಬ ವಾಸನೆ, ನಿನ್ನೆ ಬಸ್ ನಿಲ್ದಾಣದಲ್ಲಿ ನನ್ನ ಬೆರಳಿಗೆ ಹತ್ತಿದ್ದು ಅದೇ. ಸುಂದರಾಬಾಯಿ ಅಷ್ಟು ಹೊತ್ತೂ ಡಬ್ಬಿಯ ಮೇಲೆ ಕೂತು ನೋಡಿದರು. ನನ್ನ ಡಬ್ಬಿ ಪಕ್ಕದಲ್ಲಿ ಖಾಲಿ ಇತ್ತು. ನಾನು ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದೆ. ಸಮೀಕ್ಷೆಯ ದಾಖಲೆಯಲ್ಲಿ ಇವತ್ತಿಗೂ ಆ ತೋಟ ಪೂರ್ತಿ ಇದೆ: ನಿಂಬೆ, 48, ಮೂರು ಫೋಟೊ.

ಈ ಜನವರಿ 18ಕ್ಕೆ ಖಜೂರಿಗೆ ಹೋಗಿ ಬಂದೆ. ಬಾವಿಯ ಕಡೆ ಎದೆಮಟ್ಟದ ಕಬ್ಬು. ಆಚೆ ಮೂರು ಸಾಲು ನಿಂಬೆ, ಬೋಳಾಗಿ, ಪಾತಿ ಒದ್ದೆಯಾಗಿ ನಿಂತಿದ್ದವು. ಸುಂದರಾಬಾಯಿಯವರ ಎಡಗಣ್ಣಿನ ಪೊರೆ ತೆಗೆದಿದ್ದಾರೆ. ಈ ಸಲ ತಾಣ ಕೊಟ್ಟದ್ದು ಡಿಸೆಂಬರ್ 3ಕ್ಕೆ, ನೀರು ಜನವರಿ 9ಕ್ಕೆ ಎಂದರು. ಎಣಿಸಿದೆ: ಮೂವತ್ತೆಂಟು ದಿನ.

"ಹೋದ ವರ್ಷ ನಲವತ್ತಾರು ಇತ್ತಲ್ರಿ ಆಯಿ."

"ಅದು ಹೋದ ವರ್ಷ."

"ಎಲಿ ಬೆಳಿಗ್ಗಿ ಬಿಚ್ಚೂದ ಬಂದ್ ಆಗಿ ಎಷ್ಟ ದಿನಕ್ಕ ನೀರ ಬಿಟ್ರಿ?"

"ಮೂರು ಇರ್ಬೇಕು."

"ಹೋದ ವರ್ಷ ಎರಡು. ಆ ಎರಡು ದಿನ ಯಾನ್ ನೋಡಿದ್ರಿ?"

ಅವರು ಡಬ್ಬಿಯಿಂದ ಎದ್ದು ಕೊಂಬೆಯಲ್ಲಿ ಉಳಿದಿದ್ದ ಒಂದು ಎಲೆ ಹಿಡಿದರು. ಹೇಳಲು ನಿಜವಾಗಿಯೂ ಪ್ರಯತ್ನಪಟ್ಟರು, ಅದು ಅವರ ಮುಖದಲ್ಲಿ ಕಂಡಿತು. ಬೆರಳಿನ ನಡುವೆ ಎಲೆಯನ್ನು ಎರಡು ಸಲ ತಿರುವಿದರು. ಕೊನೆಗೆ ಎಲೆಯನ್ನು ನನ್ನ ಕೈಗೆ ಕೊಟ್ಟು, "ನೀ ಭಾಳ ದೂರ ಇರ್ತಿ ಬೇ," ಅಂದರು.

ಈಗ 9.25. ಕಚೇರಿಗೆ ಹೊತ್ತಾಯಿತು. ನಿಂಬೆಗೋ ದಾಳಿಂಬೆಗೋ ತಾಣ ಕೊಟ್ಟವರು ಯಾರಾದರೂ ಇದನ್ನು ಓದಿದರೆ, ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಪತ್ರ ಹಾಕಿ. ಬೆಳಿಗ್ಗೆ ಎಲೆ ಬಿಚ್ಚುವುದು ನಿಂತ ಮೇಲೆ, ನೀರು ಬಿಡುವ ಮುನ್ನ, ಆ ಎರಡು ಮೂರು ದಿನದಲ್ಲಿ ನೀವು ಏನನ್ನು ನೋಡುತ್ತೀರಿ, ಬೆರಳಿಗೆ ಏನು ತಿಳಿಯುತ್ತದೆ, ಅಷ್ಟು ಬರೆಯಿರಿ. ಎಷ್ಟು ದಿನ ಎಂದು ಬರೆಯುವುದು ಬೇಡ. ಅದು ನನ್ನ ಹತ್ತಿರ ಇದೆ.